ಪಾಯಿಂಟ್ ಅಂತರ ಮೊದಲು, ಟೈಮಿಂಗ್ ಆಮೇಲೆ

ಕಾರ್ಬ್ಯುರೇಟರ್ ಇರುವ ಹಳೆಯ ಕಾರು ಸರಿಯಾಗಿ ಎಳೆಯದಿದ್ದರೆ ಹೆಚ್ಚಿನವರ ಕೈ ಕಾರ್ಬ್ಯುರೇಟರಿನ ಸ್ಕ್ರೂಗಳತ್ತಲೇ ಹೋಗುತ್ತದೆ. ನಾನು ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡುವವರೆಗೆ ಅವುಗಳನ್ನು ಮುಟ್ಟುವುದಿಲ್ಲ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ, 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಬ್ಯಾಟರಿ ಮತ್ತು ಕಾಯಿಲ್‌ನ ಏರ್ಪಾಡೇ ನಾನು ಕೈಯಾಡಿಸುವ ನಾಲ್ಕು ಸಿಲಿಂಡರಿನ ಎಂಜಿನ್‌ಗಳಲ್ಲಿಯೂ ಇದೆ.

ಡಿಸ್ಟ್ರಿಬ್ಯೂಟರಿನೊಳಗೆ ಸ್ವಿಚ್ಚಿನಂತೆ ತೆರೆದು ಮುಚ್ಚುವ ಲೋಹದ ಜೋಡಿಯೇ ಪಾಯಿಂಟ್. ಅದು ಮುಚ್ಚಿರುವಷ್ಟು ಹೊತ್ತು ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ತಿರುಗುವ, ಏಣುಗಳಿರುವ ಕ್ಯಾಮ್ ಪಾಯಿಂಟನ್ನು ತೆರೆದೊಡನೆ ಆ ಕ್ಷೇತ್ರ ಕುಸಿದು, ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಕ್ಷೇತ್ರ ಎಷ್ಟು ಬೇಗ ಕುಸಿಯುತ್ತದೆಯೋ ಕಿಡಿ ಅಷ್ಟು ಬಲವಾಗಿರುತ್ತದೆ. ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಏಳದಂತೆ ತಡೆಯುವ ಕಂಡೆನ್ಸರ್ ಕೆಟ್ಟರೆ ಪಾಯಿಂಟಿನ ನಡುವೆಯೇ ಕಿಡಿ ಎದ್ದು, ಅಲ್ಲಿ ಲೋಹ ಸುಟ್ಟು, ಪ್ಲಗ್‌ಗೆ ತಲುಪುವುದು ಬಡಕಲು ಕಿಡಿ.

ಹೊಸ ಪಾಯಿಂಟ್ ಕೂರಿಸಿದ ಮೇಲೆ, ಅದರ ಹಿಮ್ಮಡಿ (ಕ್ಯಾಮ್‌ಗೆ ಉಜ್ಜುವ ಭಾಗ) ಕ್ಯಾಮ್‌ನ ಏಣಿನ ತುದಿಗೆ ಬರುವಂತೆ ಎಂಜಿನ್ ತಿರುಗಿಸಿ, ಫೀಲರ್ ಗೇಜ್ ಎಂಬ ತೆಳು ಲೋಹದ ಪಟ್ಟಿಯಿಂದ ಪಾಯಿಂಟಿನ ಎರಡು ಮುಖಗಳ ನಡುವಿನ ಅಂತರ ಅಳೆಯುತ್ತೇನೆ. ಅನೇಕ ಎಂಜಿನ್‌ಗಳಿಗೆ ಅದು 0.4 ಮಿಲಿಮೀಟರ್ ಆಸುಪಾಸು. ಆದರೂ ಆಯಾ ಎಂಜಿನ್ನಿನ ಕೈಪಿಡಿಯ ಅಂಕಿಯೇ ಅಂತಿಮ. ಹಳೆಯ ಪಾಯಿಂಟಿನ ಒಂದು ಮುಖ ಕುಳಿಬಿದ್ದು ಇನ್ನೊಂದರಲ್ಲಿ ದಿಬ್ಬ ಎದ್ದಿದ್ದರೆ ಗೇಜ್ ದಿಬ್ಬವನ್ನು ಮಾತ್ರ ಮುಟ್ಟುವುದರಿಂದ ನಿಜವಾದ ಅಂತರ ತಿಳಿಯುವುದಿಲ್ಲ. ಅಂಥಲ್ಲಿ ಪಾಯಿಂಟ್ ಮುಚ್ಚಿರುವ ಕೋನವನ್ನೇ ತೋರಿಸುವ ಡ್ವೆಲ್ ಮೀಟರನ್ನು ನಂಬುತ್ತೇನೆ.

ಅಂತರ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಕ್ಕೆ ಹೋಗುತ್ತದೆ, ಅಂದರೆ ಕಿಡಿ ಬೇಗ ಹಾರುತ್ತದೆ. ಹಿಮ್ಮಡಿ ಸವೆದು ಅಂತರ ಕುಗ್ಗಿದರೆ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಟೈಮಿಂಗ್ ಹೊಂದಿಸಿ ಆಮೇಲೆ ಅಂತರ ಮುಟ್ಟುವುದೆಂದರೆ ಮಾಡಿದ ಕೆಲಸವನ್ನು ತಾನೇ ಕೆಡಿಸಿದಂತೆ. ಪುಲಿಯ ಗುರುತನ್ನು ಸರಿಯಾದ ಡಿಗ್ರಿಗೆ ತಂದು, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ ಹೋಗುವ ತೆಳು ತಂತಿಯ (ಕಿಡಿಯ ದಪ್ಪ ತಂತಿಯಲ್ಲ) ಟರ್ಮಿನಲ್ಲಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಸಣ್ಣ ಬಲ್ಬ್ ಜೋಡಿಸಿ, ಇಗ್ನಿಷನ್ ಹಾಕುತ್ತೇನೆ. ಡಿಸ್ಟ್ರಿಬ್ಯೂಟರನ್ನು ಮೊದಲು ಅದರೊಳಗಿನ ರೋಟರ್ ತಿರುಗುವ ಕಡೆಗೆ ತಿರುಗಿಸಿ ಬಲ್ಬ್ ಆರಿಸಿ, ಬಳಿಕ ವಿರುದ್ಧ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ಬಲ್ಬ್ ಹೊತ್ತಿದ ಜಾಗದಲ್ಲೇ ಬೋಲ್ಟ್ ಬಿಗಿಯುತ್ತೇನೆ.

ಎಂಜಿನ್ ಓಡುವಾಗ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆ ಕಳಚಿ ಬಾಯಿ ಮುಚ್ಚಿ, ಕಿಡಿಯೊಂದಿಗೇ ಮಿಂಚುವ ಟೈಮಿಂಗ್ ಲೈಟ್ ಬಿಟ್ಟು ವೇಗ ಏರಿಸಿದಾಗ ಪುಲಿಯ ಗುರುತು ಒಂದೇ ಸಮನೆ ಮುಂದಕ್ಕೆ ಸರಿಯಬೇಕು. ಅದು ತಡೆದು ತಡೆದು ಜಿಗಿದರೆ ಪಾಯಿಂಟಿನ ಕೆಳಗಿರುವ, ವೇಗ ಏರಿದಂತೆ ಟೈಮಿಂಗನ್ನು ಮುಂದಕ್ಕೆ ತಳ್ಳುವ ತೂಕಗಳನ್ನೂ ಅವುಗಳ ಸ್ಪ್ರಿಂಗ್‌ಗಳನ್ನೂ ಬಿಚ್ಚಿ, ಶುಚಿ ಮಾಡಿ, ಎಣ್ಣೆ ಹಾಕುತ್ತೇನೆ.