ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು: ನಾನೇ ಜೋಡಿಸಿದ ಕಂಪ್ಯೂಟರ್ ಆನ್ ಆಗದಿದ್ದಾಗ

ನಮ್ಮದು ತಿಪಟೂರಿನಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಆಗಾಗ ಫ್ಲೆಕ್ಸ್ ಡಿಸೈನು. ಹಳೇ ಕಂಪ್ಯೂಟರ್ ಹತ್ತು ವರ್ಷ ದುಡಿದು ಸುಸ್ತಾಗಿತ್ತು. ದೊಡ್ಡ ಫೈಲ್ ಒಂದು ತೆರೆದರೆ ಗಿರಾಕಿಗೆ ಕಾಫಿ ತರಿಸುವಷ್ಟು ಹೊತ್ತು ಬೇಕಿತ್ತು. ಈ ಸಲ ಬಿಡಿಭಾಗ ತಂದು ನಾನೇ ಜೋಡಿಸೋಣ ಅಂತ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಎಸ್‌.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದು, ಸಂಜೆ ಎರಡು ಚೀಲ ಹೊತ್ತುಕೊಂಡು ಬಂದೆ.

ತಂದದ್ದು ಇಷ್ಟು: ರೈಜನ್ 5 5600ಜಿ ಪ್ರೊಸೆಸರ್, ಎಲ್ಲ ಭಾಗಗಳೂ ಕೂರುವ ಬಿ550 ಚಿಪ್‌ಸೆಟ್‌ನ ಮದರ್‌ಬೋರ್ಡ್, ಕೆಲಸದ ಹೊತ್ತಿನ ಮಾಹಿತಿ ಹಿಡಿದಿಡುವ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಫೈಲುಗಳನ್ನು ಉಳಿಸಿಡುವ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಎಲ್ಲಕ್ಕೂ ಕರೆಂಟ್ ಹಂಚುವ 550 ವ್ಯಾಟ್‌ನ ಎಸ್‌ಎಂಪಿಎಸ್. ಕ್ಯಾಬಿನೆಟ್ ಮಾತ್ರ ಹಳೆಯದೇ. ತಗಡು ಗಟ್ಟಿಯಾಗಿತ್ತು, ಜಾಗ ದೊಡ್ಡದಿತ್ತು, ಸುಮ್ನೆ ಯಾಕೆ ದುಡ್ಡು ಹಾಕೋದು ಅನ್ನಿಸಿತು.

ರಾತ್ರಿ ಊಟ ಮುಗಿಸಿ ನಾನು ಮತ್ತು ಪಿಯುಸಿ ಓದುವ ಮಗ ಕೂತು ಜೋಡಿಸಿದೆವು. ಹತ್ತೂವರೆಗೆ ಎಲ್ಲ ಮುಗಿಯಿತು. ಮಗ ಪವರ್ ಬಟನ್ ಒತ್ತಿದ. ಪ್ರೊಸೆಸರ್ ಮೇಲಿನ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೆ ಅದೂ ಇಲ್ಲ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ ಅದೇ ಅರ್ಧ ಸುತ್ತು.

"ಅಪ್ಪ, ಬೋರ್ಡ್ ಹೋಯ್ತಾ?" ಅಂದ. ಗೊತ್ತಿಲ್ಲ ಕಣೋ, ಇವತ್ತು ಮಲಗೋಣ ಅಂದೆ. ದಣಿದ ಕೈಯಲ್ಲಿ ಬಿಚ್ಚಲು ಹೋದರೆ ಇದ್ದದ್ದೂ ಹಾಳಾಗುತ್ತದೆ ಅನ್ನೋದು ನನ್ನ ನಂಬಿಕೆ. ಆದರೆ ನಿದ್ದೆ ಬರಲಿಲ್ಲ. ಆ ವಾರ ಮೂರು ಲಗ್ನಪತ್ರಿಕೆ ಕೊಡಬೇಕಿತ್ತು.

ಬೆಳಿಗ್ಗೆ ಪರಿಚಯದ ಸರ್ವಿಸ್ ಹುಡುಗನಿಗೆ ಫೋನ್ ಮಾಡಿದೆ. "ಎಸ್‌ಎಂಪಿಎಸ್ ಡೆಡ್ ಇರ್ಬೇಕು ಅಣ್ಣ, ಬೇರೆ ಹಾಕಿ" ಅಂದ. ಅವನ ಕಡೆಯಿಂದ ಅದು ಸರಿಯೇ. ಅವನ ಬಳಿ ಬೇರೆ ಎಸ್‌ಎಂಪಿಎಸ್ ಇರುತ್ತದೆ, ಹಾಕಿ ನೋಡಬಹುದು. ನನ್ನ ಹತ್ತಿರ ಇರಲಿಲ್ಲ. ಇನ್ನೊಂದು ಕೊಳ್ಳುವ ಮೊದಲು ಇರುವುದನ್ನೇ ಪರೀಕ್ಷಿಸಬೇಕಿತ್ತು.

ಅದಕ್ಕೂ ಮುಂಚೆ ಆ ಅರ್ಧ ಸುತ್ತು ಏನು ಹೇಳುತ್ತಿದೆ ಅಂತ ಯೋಚಿಸಿದೆ. ಕಂಪ್ಯೂಟರ್ "ಆನ್ ಆಗ್ತಿಲ್ಲ" ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತೇವೆ. ಏನೂ ಅಲುಗದಿರುವುದು ಬೇರೆ, ತಿರುಗಿ ನಿಲ್ಲುವುದು ಬೇರೆ, ಫ್ಯಾನ್ ಓಡುತ್ತಿದ್ದರೂ ಡಿಸ್‌ಪ್ಲೇ ಬಾರದಿರುವುದು ಇನ್ನೂ ಬೇರೆ. ಪ್ಲಗ್ ಹಾಕಿದ ಕೂಡಲೇ ಎಸ್‌ಎಂಪಿಎಸ್ ಒಂದು 5 ವೋಲ್ಟ್ ಲೈನನ್ನು ಸದಾ ಜೀವಂತ ಇಡುತ್ತದೆ. ನೇರಳೆ ತಂತಿ ಅದರದು. ಬಟನ್ ಒತ್ತಿದಾಗ ಬೋರ್ಡು ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ. ಆಗ 12, 5, 3.3 ವೋಲ್ಟ್‌ಗಳು ಹರಿಯುತ್ತವೆ. ಎಲ್ಲೋ ಶಾರ್ಟ್ ಇದ್ದರೆ, ಅಂದರೆ ಕರೆಂಟ್ ಹೋಗಬಾರದ ದಾರಿಯಲ್ಲಿ ನೇರ ಗ್ರೌಂಡಿಗೆ ಹರಿದರೆ, ಎಸ್‌ಎಂಪಿಎಸ್ ಆ ಕ್ಷಣದಲ್ಲೇ ತನ್ನನ್ನು ತಾನು ಮುಚ್ಚಿಕೊಳ್ಳುತ್ತದೆ. ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡುವ ತನಕ ಮತ್ತೆ ಏಳುವುದಿಲ್ಲ. ನನ್ನಲ್ಲಿ ಆಗುತ್ತಿದ್ದದ್ದು ಹೆಚ್ಚುಕಡಿಮೆ ಇದೇ. ಅಂದರೆ ಎಸ್‌ಎಂಪಿಎಸ್ ಸತ್ತಿಲ್ಲ, ಹೆದರಿದೆ ಅನ್ನಿಸಿತು.

ಹಳೇ ಲಗ್ನಪತ್ರಿಕೆಯ ಪ್ರೂಫ್ ಒಂದನ್ನು ಮಗುಚಿ, ಹಿಂಬದಿಯಲ್ಲಿ ಬರೆಯಲು ಶುರು ಮಾಡಿದೆ. ಏನು ಮಾಡಿದೆ, ಏನಾಯಿತು, ಎರಡೇ ಕಾಲಂ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಮಗನಿಗೂ ಹೇಳಿದೆ. ಈ ಇಡೀ ಕೆಲಸದಲ್ಲಿ ನನ್ನನ್ನು ಕಾಪಾಡಿದ್ದು ಆ ಹಾಳೆ.

ಮೊದಲು ಎಸ್‌ಎಂಪಿಎಸ್. ಪ್ಲಗ್ ಕಿತ್ತು, ಅದರ ಎಲ್ಲ ತಂತಿಗಳನ್ನೂ ಬೋರ್ಡಿನಿಂದ ಬಿಡಿಸಿದೆ. 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿಗೂ ಪಕ್ಕದ ಕಪ್ಪು ತಂತಿಗೂ ನಡುವೆ ಪೇಪರ್ ಕ್ಲಿಪ್ ಬಗ್ಗಿಸಿ ತೂರಿಸಿದೆ. ಈಗಿನ ಕೆಲವು ಎಸ್‌ಎಂಪಿಎಸ್‌ನಲ್ಲಿ ತಂತಿಗಳೆಲ್ಲ ಕಪ್ಪು. ಆಗ ಪಿನ್ ಎಣಿಸಬೇಕು. ಹಸಿರಿನದು 16ನೆಯದು, ಅದರ ಎರಡೂ ಪಕ್ಕದ 15 ಮತ್ತು 17 ಗ್ರೌಂಡ್. ಸ್ವಿಚ್ ಹಾಕಿದೆ. ಎಸ್‌ಎಂಪಿಎಸ್ ಫ್ಯಾನ್ ಸದ್ದಿಲ್ಲದೆ ತಿರುಗಿತು. ಲೋಡ್ ಇಲ್ಲದಾಗ ಫ್ಯಾನ್ ನಿಲ್ಲಿಸಿಕೊಳ್ಳುವ ಎಸ್‌ಎಂಪಿಎಸ್‌ಗಳೂ ಇವೆ, ಅದಕ್ಕೇ ಫ್ಯಾನ್ ಒಂದನ್ನೇ ನಂಬದೆ ಮಲ್ಟಿಮೀಟರ್ ಹಿಡಿದೆ. ಹಳದಿ ತಂತಿಯಲ್ಲಿ 12.1, ಕೆಂಪಿನಲ್ಲಿ 5.05, ಕಿತ್ತಳೆಯಲ್ಲಿ 3.34 ವೋಲ್ಟ್. ಶೇಕಡ 5ರಷ್ಟು ಆಚೀಚೆ ಆದರೆ ತೊಂದರೆಯಿಲ್ಲ. ಅಂದರೆ 12 ವೋಲ್ಟ್ ಲೈನು 11.4ರಿಂದ 12.6ರ ಒಳಗಿರಬೇಕು. ಲೋಡ್ ಇಲ್ಲದೆ ಅಳೆದದ್ದು ಪೂರ್ತಿ ಪ್ರಮಾಣಪತ್ರವಲ್ಲ. ಆದರೂ ಎಸ್‌ಎಂಪಿಎಸ್ ಬದಲಿಸುವ ಯೋಚನೆ ಬಿಟ್ಟೆ. ಇಲ್ಲೊಂದು ಮಾತು ಹೇಳಲೇಬೇಕು: ಹೊರಗೆ ಬಂದ ತಂತಿಗಳನ್ನು ಮಾತ್ರ ಮುಟ್ಟಿ, ಎಸ್‌ಎಂಪಿಎಸ್ ಡಬ್ಬ ಬಿಚ್ಚಬೇಡಿ. ಒಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿರುತ್ತವೆ.

ಆಮೇಲೆ ತಂತಿಗಳನ್ನು ಮತ್ತೆ ಬೋರ್ಡಿಗೆ ಸೇರಿಸಿ, ಕ್ಯಾಬಿನೆಟ್ಟಿನ ಒಳಗೇ ಒಂದೊಂದಾಗಿ ಕಳಚುತ್ತಾ ಹೋದೆ. ಎಸ್‌ಎಸ್‌ಡಿ ತೆಗೆದೆ, ಅರ್ಧ ಸುತ್ತು. ಮುಂದಿನ ಯುಎಸ್‌ಬಿ ತಂತಿ ಕಿತ್ತೆ, ಅರ್ಧ ಸುತ್ತು. ಕ್ಯಾಬಿನೆಟ್ ಫ್ಯಾನ್, ಒಂದು ರ‍್ಯಾಮ್, ಮತ್ತೂ ಅರ್ಧ ಸುತ್ತು. ಪವರ್ ಬಟನ್ನೇ ಒಳಗೆ ಅಂಟಿಕೊಂಡಿರಬಹುದಾ ಅಂತ ಅದರ ತಂತಿ ಬಿಡಿಸಿ, ಬೋರ್ಡಿನ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಅರ್ಧ ಸುತ್ತು. ಹಾಳೆಯ ಬಲ ಕಾಲಂ ತುಂಬ ಒಂದೇ ಪದ. ಮಗ ಕೊನೆಗೆ ಬರೆಯುವುದನ್ನು ಬಿಟ್ಟು ಮೇಲಿನಂತೆಯೇ ಎಂದು ಎರಡು ಗೆರೆ ಎಳೆಯತೊಡಗಿದ.

ಉಳಿದದ್ದು ಬೋರ್ಡನ್ನೇ ಹೊರಗೆ ತೆಗೆಯುವುದು. ನಾನು ಮುಂದೂಡುತ್ತಿದ್ದದ್ದೂ ಅದನ್ನೇ. ಕೈಯನ್ನು ಕ್ಯಾಬಿನೆಟ್ಟಿನ ಬರಿ ತಗಡಿಗೆ ಮುಟ್ಟಿಸಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು, ಸ್ಕ್ರೂಗಳನ್ನು ಬಿಚ್ಚಿ, ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬದ ಮೇಲೆ ಇಟ್ಟೆ. ಅದು ಬಂದ ಬೂದು ಬಣ್ಣದ ಹೊಳೆಯುವ ಕವರಿನ ಮೇಲೆ ಇಟ್ಟು ಕರೆಂಟ್ ಕೊಡಬಾರದು. ಆ ಕವರಿನ ಹೊರಮೈ ಸ್ವಲ್ಪ ಮಟ್ಟಿಗೆ ವಿದ್ಯುತ್ ಹರಿಯಬಿಡುತ್ತದೆ. ಬರಿ ರಟ್ಟು ಒಳ್ಳೆಯದು. ಪ್ರೊಸೆಸರ್, ಅದರ ಫ್ಯಾನ್, ಒಂದೇ ರ‍್ಯಾಮ್, 24 ಪಿನ್ನು, ಪ್ರೊಸೆಸರಿನ 8 ಪಿನ್ನು, ಮಾನಿಟರಿನ ಎಚ್‌ಡಿಎಂಐ. ಅಷ್ಟೇ. ಮತ್ತೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದೆ.

ಫ್ಯಾನ್ ತಿರುಗಿತು. ತಿರುಗುತ್ತಲೇ ಇತ್ತು. ಇಬ್ಬರೂ ಉಸಿರು ಬಿಡದೆ ಹತ್ತು ಸೆಕೆಂಡ್ ನೋಡಿದೆವು. "ಅಪ್ಪ, ಓಡ್ತಿದೆ!" ಅಂತ ಮಗ ಕೂಗಿದ್ದು ಅಡುಗೆಮನೆಗೆ ಕೇಳಿಸಿ ಇವಳೂ ಬಂದು ನಿಂತಳು.

ಆದರೆ ಮಾನಿಟರ್ ಕಪ್ಪು. ಈ ಹೊತ್ತಿನಲ್ಲೇ ನನಗೆ ನಿಜವಾದ ಭಯ ಆಯಿತು. ಶಾರ್ಟಿನಲ್ಲಿ ಪ್ರೊಸೆಸರೋ ಬೋರ್ಡೋ ಸುಟ್ಟಿದ್ದರೆ? ಹಾಗೆ ಯೋಚಿಸುತ್ತಾ ಎಲ್ಲ ಮತ್ತೆ ಕಿತ್ತು ಮತ್ತೆ ಹಾಕುವ ಆತುರ ಬರುತ್ತದೆ. ಹಾಳೆ ನೋಡಿದೆ. ಮೊದಲನೆಯ ತೊಂದರೆ ಹೋಗಿದೆ, ಇದು ಎರಡನೆಯದು. ಬೇರೆಯದಾಗಿಯೇ ನೋಡಬೇಕು ಅಂತ ಗಟ್ಟಿ ಮಾಡಿಕೊಂಡು, ಹಾಳೆಯಲ್ಲಿ ಅಡ್ಡಗೆರೆ ಎಳೆದು ಕೆಳಗೆ ಹೊಸದಾಗಿ ಶುರು ಮಾಡಿದೆ.

ಈಗಿನ ಬಹಳಷ್ಟು ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪ ಇರುತ್ತವೆ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಪಕ್ಕದಲ್ಲಿ ಬರೆದಿರುತ್ತದೆ. ಆನ್ ಆಗುವಾಗ ಬೋರ್ಡು ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಾ ಬರುತ್ತದೆ. ಎಲ್ಲಿ ನಿಂತಿತೋ ಆ ದೀಪ ಉರಿದೇ ಇರುತ್ತದೆ. ನಮ್ಮದು ಡಿರ‍್ಯಾಮ್ ದೀಪದಲ್ಲಿ, ಅಂದರೆ ಮೆಮೊರಿಯ ಪರೀಕ್ಷೆಯಲ್ಲಿ, ನಿಂತಿತ್ತು. ಸಿಪಿಯು ದೀಪ ದಾಟಿ ಬಂದಿದೆ ಅಂದರೆ ಪ್ರೊಸೆಸರ್ ಬದುಕಿದೆ ಅಂತ ಅಲ್ವಾ? ಅರ್ಧ ಭಾರ ಇಳಿಯಿತು.

ಪ್ಲಗ್ ಕಿತ್ತು, ಮೊಬೈಲ್ ಟಾರ್ಚ್ ಹಾಕಿ ರ‍್ಯಾಮನ್ನು ಪಕ್ಕದಿಂದ ನೋಡಿದೆ. ಮೇಲಿನಿಂದ ನೋಡಿದರೆ ಸರಿಯಾಗಿಯೇ ಕೂತಂತೆ ಕಾಣುತ್ತಿತ್ತು. ಪಕ್ಕದಿಂದ ನೋಡಿದಾಗ ಒಂದು ಕಡೆ ಚಿನ್ನದ ಬಣ್ಣದ ಗೆರೆ ಕಾಣಿಸಿತು. ಕೂದಲೆಳೆಗಿಂತ ಸ್ವಲ್ಪ ದಪ್ಪ, ಅಷ್ಟೇ. ಇನ್ನೊಂದು ಕಡೆ ಅದು ಕಾಣುತ್ತಿರಲಿಲ್ಲ. ಈ ಬೋರ್ಡಿನ ರ‍್ಯಾಮ್ ಸ್ಲಾಟಿಗೆ ಕೊಕ್ಕೆ ಇರುವುದು ಒಂದೇ ಬದಿಗೆ. ಕೊಕ್ಕೆ ಟಕ್ ಅಂದದ್ದು ಕೇಳಿ ಕೂತಿತು ಅಂತ ನಾವು ಬಿಟ್ಟಿದ್ದೆವು. ಕೊಕ್ಕೆಯಿಲ್ಲದ ತುದಿ ಮೇಲೆಯೇ ಉಳಿದಿತ್ತು. ರ‍್ಯಾಮ್ ತೆಗೆದು, ಅದರ ತುದಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿದೆ. ಹೊಸ ಸ್ಲಾಟ್ ಬಿಗಿಯಾಗಿರುತ್ತದೆ, ಬೋರ್ಡು ಕೊಂಚ ಬಾಗಿದಂತೆ ಅನ್ನಿಸುವಷ್ಟು ಬಲ ಬೇಕಾಯಿತು. ಪಕ್ಕದಿಂದ ನೋಡಿದೆ, ಗೆರೆ ಮಾಯ.

ಆನ್ ಮಾಡಿದೆ. ಡಿರ‍್ಯಾಮ್ ದೀಪ ಉರಿಯಿತು, ಆರಿತು. ಮಾನಿಟರಿನಲ್ಲಿ ಬೋರ್ಡಿನ ಲೋಗೋ ಬಂತು. ಬೋರ್ಡಿನ ಸೆಟ್ಟಿಂಗ್ ಪುಟದ ಒಳಗೆ ಹೋಗಿ ನೋಡಿದರೆ ಪ್ರೊಸೆಸರಿನ ಹೆಸರು, 8 ಜಿಬಿ ಮೆಮೊರಿ, ಎಲ್ಲ ಸರಿ. ಪ್ಲಗ್ ಕಿತ್ತು ಎರಡನೇ ರ‍್ಯಾಮ್ ಸೇರಿಸಿದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. 16 ಜಿಬಿ ತೋರಿಸಿತು.

ಇದೇ ಜಾಗದಲ್ಲಿ ಬೇರೆಯವರಿಗೆ ಬೇರೆ ಕಾರಣ ಇರಬಹುದು. ಅರಸೀಕೆರೆಯ ನನ್ನ ಸ್ನೇಹಿತ ತಂದದ್ದು ಜಿ ಇಲ್ಲದ 5600. ಆ ಪ್ರೊಸೆಸರಿನೊಳಗೆ ಚಿತ್ರ ತೋರಿಸುವ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಬೋರ್ಡಿನ ಎಚ್‌ಡಿಎಂಐನಿಂದ ಚಿತ್ರ ಬರುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಕೇಬಲ್ ಹಾಕಿದ ಕೂಡಲೇ ಬಂತು. ಡಿಡಿಆರ್5 ಇರುವ ಹೊಸ ಎಎಂ5 (ಹೊಸ ರೈಜನ್ ಪ್ರೊಸೆಸರುಗಳ ಸಾಕೆಟ್) ಬೋರ್ಡುಗಳು ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಆಗ ಹೆದರಿ ಮಧ್ಯದಲ್ಲಿ ಆಫ್ ಮಾಡಬಾರದು.

ಇನ್ನು ಮೊದಲನೆಯ ತೊಂದರೆ. ರಟ್ಟಿನ ಮೇಲೆ ಓಡುವ ಬೋರ್ಡು ಕ್ಯಾಬಿನೆಟ್ಟಿನಲ್ಲಿ ಓಡುತ್ತಿಲ್ಲ ಅಂದರೆ ತಪ್ಪು ಕ್ಯಾಬಿನೆಟ್ಟಿನಲ್ಲಿದೆ. ಬೋರ್ಡನ್ನು ಮಗುಚಿ ಟಾರ್ಚ್ ಹಿಡಿದೆ. ಕೆಳಭಾಗದಲ್ಲಿ, ಸ್ಕ್ರೂ ತೂತು ಇಲ್ಲದ ಕಡೆ, ಬೆಸುಗೆಯ ಎರಡು ಚುಕ್ಕಿಗಳ ಮೇಲೆ ಬಳೆಯ ತುಂಡಿನಂಥ ಗೀರು ಇತ್ತು. ಕ್ಯಾಬಿನೆಟ್ಟಿನಲ್ಲಿ ಅದೇ ಜಾಗಕ್ಕೆ ಬೆರಳಿಟ್ಟರೆ ಹಿತ್ತಾಳೆಯ ಒಂದು ಕಾಲು ಸಿಕ್ಕಿತು.

ಬೋರ್ಡು ತಗಡಿಗೆ ತಾಗದ ಹಾಗೆ ಎತ್ತಿ ಹಿಡಿಯುವ ಈ ಕಾಲುಗಳಿಗೆ ಸ್ಟ್ಯಾಂಡ್‌ಆಫ್ ಅಂತಾರೆ. ಹಳೇ ಬೋರ್ಡು ಮೈಕ್ರೋ ಎಟಿಎಕ್ಸ್, ಉದ್ದ ಅಗಲ ಎರಡೂ 244 ಮಿ.ಮೀ. ಹೊಸದು ಪೂರ್ತಿ ಎಟಿಎಕ್ಸ್, 305 ಮಿ.ಮೀ. ಉದ್ದ. ಚಿಕ್ಕ ಬೋರ್ಡಿನ ಕೆಳಸಾಲಿನ ಕಾಲುಗಳು ದೊಡ್ಡ ಬೋರ್ಡಿನ ತೂತುಗಳಿಗೆ ಹೊಂದುವುದಿಲ್ಲ, ಅದರ ಹೊಟ್ಟೆಯ ಕೆಳಗೆ ಬರುತ್ತವೆ. ನಾನು ಕೆಳಗೆ ಹೊಸ ಕಾಲು ಹಾಕಿದ್ದೆ, ಹಳೆಯದರಲ್ಲಿ ಒಂದನ್ನು ತೆಗೆದಿದ್ದೆ, ಇನ್ನೊಂದು ನೆರಳಿನಲ್ಲಿ ಉಳಿದಿತ್ತು. ಕ್ಯಾಬಿನೆಟ್ ಗ್ರೌಂಡಿಗೆ ಸೇರಿರುತ್ತದೆ. ಆ ಕಾಲು ಬೋರ್ಡಿನ ಕರೆಂಟ್ ಹರಿಯುವ ಚುಕ್ಕಿಗೆ ತಾಗಿ ನೇರ ಶಾರ್ಟ್ ಆಗಿತ್ತು. ಎಸ್‌ಎಂಪಿಎಸ್ ತಕ್ಷಣ ನಿಂತುಕೊಂಡದ್ದಕ್ಕೇ ಬೋರ್ಡು ಉಳಿಯಿತು. ಹೊಸ ಕಂಪ್ಯೂಟರಿನಲ್ಲಿ ಎಲ್ಲಿ ದುಡ್ಡು ಉಳಿಸಿದರೂ ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಮತ್ತೆ ಕೂರಿಸುವಾಗ ಕಣ್ಣಳತೆ ನಂಬಲಿಲ್ಲ. ಒಂದು ಎ3 ಹಾಳೆಯನ್ನು ಬೋರ್ಡಿನ ಅಳತೆಗೆ ಕತ್ತರಿಸಿ, ಒಂಬತ್ತು ತೂತುಗಳ ಜಾಗ ಪೆನ್ಸಿಲಿನಲ್ಲಿ ಗುರುತು ಮಾಡಿ, ಪಂಚಿಂಗ್ ಮೆಷಿನ್ ತಲುಪದ ಕಡೆ ಕತ್ತರಿಯಲ್ಲಿ ಕೊರೆದೆ. ಹಾಳೆಯನ್ನು ಕ್ಯಾಬಿನೆಟ್ಟಿನ ಒಳಗೆ ಕಾಲುಗಳ ಮೇಲೆ ಹಾಸಿದರೆ ಒಂಬತ್ತು ತೂತಿನಲ್ಲೂ ಹಿತ್ತಾಳೆ ಇಣುಕಿತು. ಹತ್ತನೆಯದು ಕಾಗದವನ್ನು ಕೆಳಗಿನಿಂದ ಗುಬುಟಿನ ಹಾಗೆ ಎತ್ತಿ ಹಿಡಿದಿತ್ತು. ವರ್ಷಗಳ ಧೂಳಿಗೆ ಕಚ್ಚಿಕೊಂಡಿದ್ದರಿಂದ ಬೆರಳಲ್ಲಿ ಬರಲಿಲ್ಲ. ಪಕ್ಕಡದಲ್ಲಿ ಹಿಡಿದು ತಿರುಗಿಸಿ ತೆಗೆದೆ.

ಬೋರ್ಡು ಕೂರಿಸಿ, ಬೇರೇನೂ ಸೇರಿಸದೆ ಒಮ್ಮೆ ಆನ್ ಮಾಡಿದೆ. ಓಡಿತು. ಎಸ್‌ಎಸ್‌ಡಿ ಹಾಕಿ ಒಮ್ಮೆ. ಮುಂದಿನ ಯುಎಸ್‌ಬಿ ಹಾಕಿ ಒಮ್ಮೆ. ಪ್ರತಿ ಸಲ ಪ್ಲಗ್ ಕೀಳುವುದು, ಹಾಕುವುದು. ತಡವಾಗುತ್ತದೆ, ಆದರೆ ಹಾಗೇ ಮಾಡಿದೆವು. ಮಧ್ಯಾಹ್ನ ಮೂರಕ್ಕೆ ವಿಂಡೋಸ್ ಹಾಕಿ ಮುಗಿಯಿತು, ನಾಲ್ಕಕ್ಕೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಮತ್ತು ಫಾಂಟುಗಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊದಲ ಲಗ್ನಪತ್ರಿಕೆಯ ಪ್ರೂಫ್ ಪ್ರಿಂಟರಿನಿಂದ ಹೊರಗೆ ಬಂತು. ಹೆಣ್ಣಿನ ಕಡೆಯವರು ಬಂದು, ಮುಹೂರ್ತದ ಸಾಲಿನಲ್ಲಿ ಒಂದು ಒತ್ತಕ್ಷರ ತಿದ್ದಿಸಿಕೊಂಡು ಹೋದರು.