ಸೇವ್ ಆಗಲೊಲ್ಲದ ಮದುವೆ ಫೋಟೋಗಳು

‘ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ತನ್ನಿ’ ಎಂದು ಗಂಗಾವತಿಯಲ್ಲಿ ನಾಲ್ಕು ಜನ ಹೇಳಿದರು. ಅದೇ ಡಿಸ್ಕಿನಲ್ಲಿ ಈ ಹಂಗಾಮಿನ ಹತ್ತು ಹನ್ನೊಂದು ಆಲ್ಬಂ ಮುಗಿಸಿದ್ದೇನೆ.

ತಪ್ಪು ನನ್ನದೇ. ಎರಡು ವರ್ಷದ ಹಿಂದೆ ಸ್ಟುಡಿಯೋದ ಹುಡುಗನೊಬ್ಬ ಒಂದು ನಿಶ್ಚಿತಾರ್ಥದ ಫೋಲ್ಡರನ್ನೇ ಅಳಿಸಿಬಿಟ್ಟಿದ್ದ. ಆ ಸಿಟ್ಟಿಗೆ ಡಿ ಡ್ರೈವಿನ ಮದುವೆ ಫೋಲ್ಡರಿಗೆ ಪ್ರಾಪರ್ಟೀಸಿನ ಸೆಕ್ಯುರಿಟಿ ಪುಟದಲ್ಲಿ ನನ್ನ ವಿಂಡೋಸ್ ಖಾತೆಗಷ್ಟೇ ಬರೆಯುವ ಹಕ್ಕು ಇಟ್ಟು, ಉಳಿದವರಿಗೆಲ್ಲ ನೋಡುವುದಷ್ಟೇ ಎಂದು ಮಾಡಿ ಮರೆತೆ. ಈ ಸಲ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಹೊಸದಾಗಿ ಹಾಕಿಸಿದೆ. ಖಾತೆಗೆ ಹಳೆಯ ಹೆಸರನ್ನೇ ಇಟ್ಟೆ. ಆದರೆ ವಿಂಡೋಸ್ ಹೆಸರು ನೋಡುವುದಿಲ್ಲ, ಖಾತೆಯ ಹಿಂದಿನ ಉದ್ದನೆಯ ಸಂಖ್ಯೆ ನೋಡುತ್ತದೆ. ಫೋಟೋಶಾಪಿನಲ್ಲಿ ಫೋಟೋ ತೆರೆಯುತ್ತಿತ್ತು, ಬಣ್ಣ ತಿದ್ದಿ ಸೇವ್ ಒತ್ತಿದರೆ ಅನುಮತಿ ಇಲ್ಲ. ನಾನೇ ತೆಗೆದ ಫೋಟೋಕ್ಕೆ ನಾನೇ ಪರಕೀಯ!

ಫೋಲ್ಡರಿನ ರೀಡ್ ಓನ್ಲಿ (ಓದಲು ಮಾತ್ರ) ಗುರುತು ತೆಗೆದೆ, ಅದು ಮತ್ತೆ ಬಂದು ಕೂತಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಫೋಟೋಶಾಪನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ, ಫೋಲ್ಡರಿನಿಂದ ಫೋಟೋ ಎಳೆದು ಹಾಕುವುದೂ ನಿಂತಿತು. ಸರ್ವಿಸಿನವರು ಸುಮಾರು 1,200 ರೂಪಾಯಿ ಪಡೆದು ಸಿ ಡ್ರೈವನ್ನೇ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿದರು. ಹೊಸ ಡಿಸ್ಕಿಗೆ ಐದೂವರೆ ಸಾವಿರ ಎಂದರು. ಆಲ್ಬಂ ತಡವಾಯಿತೆಂದು ಕಾರಟಗಿಯ ಬೀಗರು ಬಾಕಿಯಲ್ಲಿ 2,000 ಮುರಿದುಕೊಂಡರು. ಹೊಟ್ಟೆ ಉರಿದದ್ದು ಅದಕ್ಕೆ.

ಸಾಣಾಪುರ ಕೆರೆಯ ದಂಡೆಯಲ್ಲಿ ತೆಗೆದ ಒಂದು ಜೋಡಿಯ ಫೋಟೋವನ್ನು ಪೆನ್ ಡ್ರೈವಿಗೆ ನಕಲು ಮಾಡಿದಾಗ ಸುಳಿವು ಸಿಕ್ಕಿತು. ಅಲ್ಲಿ ಸಲೀಸಾಗಿ ಸೇವ್ ಆಯಿತು. ಹಾಗಾದರೆ ಫೋಟೋ ಸರಿ, ಡಿಸ್ಕೂ ಸರಿ, ಕೆಟ್ಟದ್ದು ಹಕ್ಕುಪತ್ರ. ಎಲ್ಲವನ್ನೂ ನಕಲು ಮಾಡೋಣವೆಂದರೆ ಒಂಬೈನೂರು ಜಿಬಿ, ಜಾಗವೆಲ್ಲಿ?

ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆ ಫೋಲ್ಡರಿನ ಮೇಲೆ, ಒಳಗಿನದ್ದೆಲ್ಲ ಸೇರುವಂತೆ, ಮಾಲೀಕತ್ವ ನಮ್ಮ ಹೆಸರಿಗೆ ಮಾಡುವ ಆಜ್ಞೆಯಾದ ಟೇಕ್‌ಓನ್ ಓಡಿಸಿದೆ. ಲಕ್ಷದ ಮೇಲೆ ಫೈಲುಗಳು, ಅರ್ಧ ಗಂಟೆ ಹಿಡಿದಿರಬೇಕು. ಆದರೂ ಸೇವ್ ಆಗಲಿಲ್ಲ! ರಾತ್ರಿ ಒಂದು ಗಂಟೆಗೆ ಹೊಳೆಯಿತು: ಮಾಲೀಕತ್ವ ಬಂದಿದೆ, ಬರೆಯುವ ಹಕ್ಕು ಬಂದಿಲ್ಲ. ಹಕ್ಕುಗಳನ್ನು ತಿದ್ದುವ ಐಕ್ಯಾಕಲ್ಸ್ ಆಜ್ಞೆಗೆ ರೀಸೆಟ್ ಸೇರಿಸಿ, ಒಳಫೋಲ್ಡರುಗಳಿಗೂ ಹರಿಯುವಂತೆ ಟಿ, ನಡುವೆ ತೊಡಕಾದರೆ ನಿಲ್ಲದಂತೆ ಸಿ ಎಂಬ ಅಕ್ಷರಗಳನ್ನೂ ಹಾಕಿದೆ. ಹಳೆಯ ಕಟ್ಟುಪಾಡು ಅಳಿದು ಡಿ ಡ್ರೈವಿನ ಹಕ್ಕುಗಳೇ ಫೋಲ್ಡರಿಗೂ ಇಳಿದವು. ಸೇವ್ ಒತ್ತಿದೆ, ಆಯಿತು.

ಇದನ್ನು ಸಿ ಡ್ರೈವಿನ ಮೇಲೆ ಮಾಡಬೇಡಿ. ಅರ್ಧ ಕೇಳಿಕೊಂಡು ಹೋದ ಸಿಂಧನೂರಿನ ಗೆಳೆಯ ಮಾಡಿದ, ವಿಂಡೋಸ್ ಮತ್ತೆ ಹಾಕಿಸಬೇಕಾಯಿತು.

ಆಮೇಲೆ ಸುಮ್ಮನೆ ಕುತೂಹಲಕ್ಕೆ ಇನ್ನೊಂದು ಫೋಲ್ಡರಿಗೆ ಹಾಗೇ ಬೀಗ ಹಾಕಿ, ವಿಂಡೋಸಿನ ಬದಲು ಪೆನ್ ಡ್ರೈವಿನಿಂದ ಲಿನಕ್ಸ್ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆ ತೆರೆದು ನೋಡಿದೆ. ಅದು ಯಾರನ್ನೂ ಕೇಳದೆ ಫೋಟೋ ತಿದ್ದಿ ಸೇವ್ ಮಾಡಿತು. ವಿಂಡೋಸಿನ ಬೀಗಕ್ಕೆ ವಿಂಡೋಸೇ ಕಾವಲುಗಾರ.

ಈಗ ಕನಕಗಿರಿಯಿಂದಲೂ ಡಿಸ್ಕ್ ಹಿಡಿದುಕೊಂಡು ಬರುತ್ತಾರೆ, ಮುನ್ನೂರು ತೆಗೆದುಕೊಳ್ಳುತ್ತೇನೆ. ಹುಡುಗರು ಫೋಟೋ ಅಳಿಸದಂತೆ ಈಗ ಏನು ಮಾಡಿದ್ದೇನೆ ಎಂದು ಕೇಳಬೇಡಿ. ಇದನ್ನು ಅವರೂ ಓದುತ್ತಾರೆ.