ಟೈಪಿಂಗ್ ಕಡಿಮೆಯಾಯ್ತು, ತಾಳೆ ನೋಡೋದು ಜಾಸ್ತಿಯಾಯ್ತು

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಹದಿನೆಂಟು ವರ್ಷದಿಂದ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಯೇ ಮನೆ ನಡೆದಿದೆ. ಕರಾರು ಪತ್ರ, ತಹಶೀಲ್ದಾರರಿಗೆ ಅರ್ಜಿ, ಮದುವೆ ಕಾಗದ, ಹೀಗೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ ನಮ್ಮ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ. ಈಗ ಹುಡುಗರು ಅರ್ಜಿಯನ್ನು ಮೊಬೈಲಲ್ಲೇ ಬರೆಸಿಕೊಂಡು ಬಂದು ಪ್ರಿಂಟ್ ಮಾತ್ರ ಕೇಳುತ್ತಾರೆ. ಪುಟದ ಲೆಕ್ಕದಲ್ಲಿ ಬರುತ್ತಿದ್ದ ದುಡ್ಡು ಅರ್ಧಕ್ಕೆ ಇಳಿಯಿತು. ಹೆದರಿಕೆ ಆಯ್ತು, ನಿಜ.

ಆಮೇಲೆ ನಾನೂ ಎಐ ಹಿಡಿದೆ, ಮುಖ್ಯವಾಗಿ ಹಳೇ ಕೈಬರಹದ ಪತ್ರಗಳಿಗೆ. ಪತ್ರ ತಂದವರ ಒಪ್ಪಿಗೆ ಕೇಳುತ್ತೇನೆ, ಯಾಕಂದ್ರೆ ಮನೆಯ ಆಸ್ತಿ ವಿಚಾರ ಹೊರಗಿನ ಕಂಪ್ಯೂಟರಿಗೆ ಹೋಗುತ್ತದೆ. ಬೇಡ ಅಂದರೆ ಕೈಯಲ್ಲೇ ಟೈಪ್ ಮಾಡುತ್ತೇನೆ. ಒಪ್ಪಿದರೆ ಒಂದೊಂದೇ ಪುಟದ ಫೋಟೋ ಕೊಟ್ಟು, ಇದ್ದ ಹಾಗೇ ಬರೆ, ಓದಲಾಗದ ಕಡೆ ಚುಕ್ಕಿ ಇಡು ಅಂತ ಹೇಳುತ್ತೇನೆ. ಮೊದಮೊದಲು ಹೀಗೆ ಹೇಳುತ್ತಿರಲಿಲ್ಲ, ಅದು ತನಗೆ ತೋಚಿದ್ದನ್ನು ತುಂಬಿಬಿಡುತ್ತಿತ್ತು. ಒಮ್ಮೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದ್ದದ್ದು ಸೊಪ್ಪಿನ ಬಟ್ಟೆ ಆಗಿತ್ತು!

ಅದಾದರೂ ಕಣ್ಣಿಗೆ ಬೀಳುತ್ತದೆ. ಅಂಕಿ ಬೀಳುವುದಿಲ್ಲ. ಒಂದು ಹಳೇ ಪಾಲುಪಟ್ಟಿ ಬಂದಿತ್ತು, ಮೂವರು ಅಣ್ಣತಮ್ಮಂದಿರದ್ದು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಮೂರೂ ಪಾಲು ಕೂಡಿಸಿ ನೋಡಿ, "ಅಣ್ಣಾ, ಪತ್ರದ ಒಟ್ಟು ಲೆಕ್ಕಕ್ಕಿಂತ ಮೂರು ಗುಂಟೆ ಜಾಸ್ತಿ ಬರ್ತಿದೆ" ಅಂದಳು. ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿದೆ. ಶಾಯಿ ಹರಡಿದ್ದ ೬, ಸ್ಕ್ರೀನಿನಲ್ಲಿ ೯ ಆಗಿತ್ತು. ಅದು ಹಾಗೇ ಪ್ರಿಂಟಾಗಿ ಹೋಗಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಅವತ್ತಿನಿಂದ ಅವಳು ಸ್ಕ್ರೀನ್ ನೋಡಿ ಗಟ್ಟಿಯಾಗಿ ಓದುತ್ತಾಳೆ, ನಾನು ಮೂಲ ಪತ್ರದ ಮೇಲೆ ಸ್ಕೇಲ್ ಇಟ್ಟು ಸಾಲು ಸಾಲೇ ಇಳಿಸುತ್ತೇನೆ. ಸರ್ವೆ ನಂಬರು, ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ) ಎರಡೆರಡು ಸಲ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ, ಲೆಕ್ಕ ಕೈಯಲ್ಲೇ. ಟೈಪಿಂಗಿಗೆ ಅರ್ಧ ದಿನ ಹಿಡಿಯುತ್ತಿದ್ದ ಪತ್ರ ಈಗ ಹತ್ತು ನಿಮಿಷಕ್ಕೆ ಬರುತ್ತದೆ, ತಾಳೆ ನೋಡಲು ಮಾತ್ರ ಒಂದೂವರೆ ಗಂಟೆ ಬೇಕು. ಹಾಗಾಗಿ ದುಡ್ಡನ್ನೂ ತಾಳೆ ನೋಡುವುದಕ್ಕೇ ತೆಗೆದುಕೊಳ್ಳುತ್ತೇನೆ. ಮಿಷಿನ್ ಬರೆದದ್ದಕ್ಕೆ ನಿಮಗ್ಯಾಕೆ ಇಷ್ಟು ಅಂತ ಕೇಳಿದವರಿಗೆ ಆ ೬ರ ಕಥೆ ಹೇಳುತ್ತೇನೆ.

ಹುಡುಗಿಯನ್ನು ಕೆಲಸದಿಂದ ಬಿಡಿಸಲಿಲ್ಲ, ಬಿಡಿಸುವ ಮಾತೇ ಇಲ್ಲ. ಸಂಜೆ ಗಿರಾಕಿ ಕಡಿಮೆ ಇರುವಾಗ ನಮ್ಮ ಮನೆಯ ಹಳೇ ಪತ್ರಗಳನ್ನು ಹರವಿಕೊಂಡು ಶಾನುಭೋಗರ ಕೈಬರಹ ಓದುವುದನ್ನು ಕಲಿಯುತ್ತಿದ್ದಾಳೆ.